ಪಕ್ಕದ ಹೊಲಿಗೆ

ಮುಂದಿನ ಸಾಲಿನ ಮದುಮಗಳ ಲಂಗದ ಅಂಚು ಬಿಚ್ಚಿಕೊಂಡಿದೆ, ಒಂದು ಗೇಣಿನಷ್ಟು, ದಾರ ನೇತಾಡುತ್ತಿದೆ, ಕೈಹೊಲಿಗೆ ಹಾಕಿದವರು ಕೊನೆಗೆ ಗಂಟು ಹಾಕುವುದನ್ನೇ ಮರೆತಿದ್ದಾರೆ, ಪಾಪ, ಅವಳಿಗೆ ಗೊತ್ತೇ ಇಲ್ಲ, ಗಂಡನ ಕಿವಿಯಲ್ಲಿ ಏನೋ ಹೇಳಿ ನಗುತ್ತಿದ್ದಾಳೆ — ಸೂಜಿ ಇದ್ದಿದ್ದರೆ ಹಿಂದೆ ಕೂತಿರುವ ಇವಳೇ ಬಗ್ಗಿ ಎರಡು ನಿಮಿಷದಲ್ಲಿ ಎತ್ತಿಬಿಡಬಹುದಿತ್ತು, ಆದರೆ ಬಾಗಿಲಲ್ಲಿ ಕಾವಲಿನವನು ಕೈಚೀಲ ತಡಕಿ ಸೂಜಿಡಬ್ಬಿ ತೆಗೆದಿಟ್ಟುಕೊಂಡ, ಹೋಗುವಾಗ ಕೊಡುತ್ತಾನಂತೆ, ಕೈಸನ್ನೆಯಲ್ಲೇ ಹೇಳಿದ, ಹನಿಮೂನಿಗೆ ಸೂಜಿಡಬ್ಬಿ ತಂದವಳು ಅವನ ಜನ್ಮದಲ್ಲಿ ಇವಳೊಬ್ಬಳೇ ಇರಬೇಕು. ಅಕ್ಕ ಇದ್ದಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅಕ್ಕ ಇದ್ದಿದ್ದರೆ ಇಲ್ಲಿ ಕೂತಿರುತ್ತಿದ್ದವಳು ಅಕ್ಕ. ಹಾಗೆ ಅಂದುಕೊಂಡರೂ ಏನೂ ಆಗುವುದಿಲ್ಲ, ಜೋಮು ಹಿಡಿದ ಕಾಲನ್ನು ಚಿವುಟಿದ ಹಾಗೆ, ಚಿವುಟಿದ್ದು ಗೊತ್ತು, ನೋವು ಗೊತ್ತಿಲ್ಲ. ಬೆಂಚು ತಣ್ಣಗಿದೆ. ಮೂವತ್ತು ಜೋಡಿ ಇರಬಹುದು, ಎಲ್ಲರೂ ಮದುವೆಯ ಬಟ್ಟೆಯಲ್ಲೇ, ಈ ಮಂದಿರದ ಪದ್ಧತಿ ಅದು, ಹೊಸದಾಗಿ ಮದುವೆಯಾದವರು ಯಾವ ದೇಶದವರಾದರೂ ಸರಿ, ಮದುವೆಯ ದಿನದ ಉಡುಪಿನಲ್ಲೇ ಬಂದು ಸಾಲಾಗಿ ಕೂರಬೇಕು, ತೊಂಬತ್ತು ದಾಟಿದ ಹಿರಿಯ ಗುರುಗಳು ಗಾಲಿಕುರ್ಚಿಯಲ್ಲಿ ಬಂದು ಒಬ್ಬೊಬ್ಬರ ಹೆಸರು ಕರೆಸಿ ತಲೆಯ ಮೇಲೆ ಕೈ ಇಡುತ್ತಾರೆ. ಅಕ್ಕನೇ ಕಾಗದ ಬರೆದವಳು, ಮೊಹರು ಹಾಕಿದ ಉತ್ತರ ಬಂದ ದಿನ ಅದನ್ನು ಹಿಡಿದುಕೊಂಡು ಅಂಗಡಿಗೇ ಓಡಿಬಂದಿದ್ದಳು, ಲೇ ಸೂಜಿ, ಹೆಸರು ಹಿಡಿದು ಕರೀತಾರಂತೆ ಕಣೇ, ಹಾಗೆ ಕರೆದು ಹರಸಿದ್ರೆ ನೂರು ವರ್ಷ ಅಂತೆ. ಸೂಜಿ ಅಂದರೆ ಇವಳು. ಟೈಲರ್ ಅಂಗಡಿಯ ಸ್ಟೂಲಿನಲ್ಲಿ ಹಿಡಿಸದಷ್ಟು ದಪ್ಪ ಇರುವವಳಿಗೆ ಸೂಜಿ ಅಂತ ಹೆಸರಿಟ್ಟವಳೂ ಅಕ್ಕನೇ, ಸಣ್ಣಗಿರ್ಬೇಕಂತ ಏನಿಲ್ಲ, ಚುಚ್ಚಿದ್ರೆ ಸಾಕು, ನೀನು ಚೆನ್ನಾಗೇ ಚುಚ್ಚುತೀಯ. ಭಾವನೂ ಅದನ್ನೇ ಹಿಡಿದುಕೊಂಡರು. ಅಕ್ಕನ ಜೊತೆ ಮದುವೆ ಗೊತ್ತಾದ ಮೊದಲ ವಾರದಿಂದಲೇ, ಏನ್ ಸೂಜಿ, ನಮ್ಮ ಕೋಟು ಎಲ್ಲೀವರೆಗೆ ಬಂತು.

ಭಾವ — ಅಲ್ಲ, ಇವರು, ಇವರು ಅನ್ನಬೇಕು, ಅಮ್ಮ ನಾಲ್ಕು ಸಲ ತಿದ್ದಿ ಕಳಿಸಿದ್ದಾಳೆ. ಪಕ್ಕದಲ್ಲೇ ಕೂತಿದ್ದಾರೆ, ಮಂಡಿಯ ಮೇಲೆ ಎರಡೂ ಕೈ ಇಟ್ಟುಕೊಂಡು, ಹಲ್ಲು ಕೀಳಿಸಲು ಬಂದವರ ಹಾಗೆ. ಎಡತೋಳಿನ ಉದ್ದ ಸರಿಯಾಗಿದೆ, ಅರ್ಧ ಇಂಚು ತೆಗೆದಿದ್ದು ಒಳ್ಳೆಯದಾಯಿತು. ಮೊನ್ನೆ ಹೋಟೆಲಿನಲ್ಲಿ ತಿಂಡಿಗೆ ಕೂತಾಗ ಬಾಯಿ ಜಾರಿತು, ಭಾವ, ಸಕ್ಕರೆ ಕೊಡಿ. ಕೊಟ್ಟರು. ಆಮೇಲೆ ಎದ್ದು ಹೋಗಿ ಕಿಟಕಿಯ ಹತ್ತಿರ ನಿಂತರು, ಬೀದಿಯಲ್ಲಿ ಯಾರೋ ಮೆಟ್ಟಿಲು ತೊಳೆಯುತ್ತಿದ್ದದ್ದನ್ನು ತುಂಬ ಹೊತ್ತು ನೋಡಿದರು, ಚಹಾ ಆರಿತು. ಮದುವೆಯಾಗಿ ಒಂಬತ್ತು ದಿನ, ಒಂದು ಸಲವೂ ಇವಳನ್ನು ಹೆಸರಿನಿಂದ ಕರೆದಿಲ್ಲ. ಇಲ್ಲಿ ನೋಡು. ಬರ್ತೀಯಾ. ಊಟ ಆಯ್ತಾ. ಸೂಜಿ ಅನ್ನುವಂತಿಲ್ಲ, ಅದು ನಾದಿನಿಯ ಹೆಸರು, ಸ್ಕೂಲಿನ ರಿಜಿಸ್ಟರಿನಲ್ಲಿರುವ ಹೆಸರು ಅವರ ಬಾಯಿಗೆ ಇನ್ನೂ ಬಂದಿಲ್ಲ. ಕೆಟ್ಟವರಲ್ಲ, ಒಂದು ಕೆಟ್ಟ ಮಾತಿಲ್ಲ, ರೈಲಿನಲ್ಲಿ ಕಿಟಕಿ ಪಕ್ಕದ ಸೀಟು ಬಿಟ್ಟುಕೊಡುತ್ತಾರೆ. ಆದರೆ ಇವಳು ಈ ದೇಶಕ್ಕೆ ಬಂದದ್ದು ಇದೊಂದಕ್ಕೇ. ಸಮುದ್ರ ನೋಡುವುದಕ್ಕಲ್ಲ, ಫೋಟೋಗಲ್ಲ. ಇಲ್ಲಿ ಎಲ್ಲರೆದುರು ಗಟ್ಟಿಯಾಗಿ ಇವಳ ಹೆಸರು ಕರೆಯುತ್ತಾರೆ, ಇವರ ಹೆಸರಿನ ಪಕ್ಕದಲ್ಲೇ ಕರೆಯುತ್ತಾರೆ, ಒಂದು ಸಲ ಇವರ ಕಿವಿಗೆ ಬಿದ್ದರೆ ನಾಳೆಯಲ್ಲ ನಾಡಿದ್ದು ಬಾಯಿಗೆ ಬರಬಹುದು. ಅಷ್ಟೇ ಸಾಕು. ಬಸ್ಸಿನಲ್ಲಿ ಕೇಳಿದಳು, ಮಂದಿರದ ಕಾಗದದಲ್ಲಿ ಹೆಸರು ಬದಲಾಯಿಸಿದ್ರಾ. ಟಿಕೆಟ್ಟು, ರೂಮು, ಎಲ್ಲಾ ಆಗಿದೆ ಅಂದರು, ಕಿಟಕಿಯ ಕಡೆ ನೋಡುತ್ತಾ. ಎಲ್ಲಾ ಅಂದರಲ್ಲ.

ಗಾಲಿಕುರ್ಚಿ ಮುಂದಿನ ಸಾಲಿಗೆ ಬಂದಿದೆ, ಹೆಸರು ಓದುವ ಸಹಾಯಕನ ದನಿ ಕೇಳುತ್ತಿದೆ, ಲಂಗದ ಅಂಚು ಬಿಚ್ಚಿದವಳು ಎದ್ದು ನಿಂತಳು, ಕಾಲಿಗೆ ಸಿಕ್ಕಿಕೊಂಡೀತು, ಇಲ್ಲ, ಸದ್ಯ. ಎರಡೂ ಕೈ ಜೋಡಿಸಿ ಮೇಲಕ್ಕೆತ್ತಬೇಕೇನೋ, ಎಲ್ಲರೂ ಎತ್ತುತ್ತಿದ್ದಾರೆ, ಹಣೆಯವರೆಗೆ. ಇದನ್ನು ಅಕ್ಕ ಹೇಳಿರಲಿಲ್ಲ. ಇವಳು ಕೈ ಎತ್ತುವಂತಿಲ್ಲ. ಮದುವೆಯ ದಿನವೆಲ್ಲ ತೋಳನ್ನು ಮೈಗೆ ಅಂಟಿಸಿಕೊಂಡೇ ಇದ್ದಳು, ಎಷ್ಟು ತಗ್ಗಿಬಗ್ಗಿ ಇದಾಳೆ ಹುಡುಗಿ ಅಂದರು ನೆಂಟರು. ಅಕ್ಕನ ಮದುವೆಗೆ ಮೊದಲೇ ಬಂದ ಜ್ವರ, ನಾಲ್ಕೇ ದಿನ. ಬುಧವಾರ ತನ್ನ ಕಾಲಲ್ಲೇ ಆಸ್ಪತ್ರೆಯ ಮೆಟ್ಟಿಲು ಹತ್ತಿದಳು ಅಕ್ಕ, ಶನಿವಾರ ಅವಳ ಚಪ್ಪಲಿ ಚೀಲದಲ್ಲಿ ಹಾಕಿಕೊಟ್ಟರು. ಎರಡು ತಿಂಗಳಾದ ಮೇಲೆ ದೊಡ್ಡಪ್ಪ ಬಂದು ಕೂತರು, ಅಮ್ಮ ಕಣ್ಣೊರೆಸಿಕೊಂಡು ಹೇಳಿದಳು, ಗೊತ್ತಿರೋ ಹುಡುಗ, ಅವನ ಮುಖ ನೋಡೋಕಾಗಲ್ಲ, ನೀನು ಹೂಂ ಅಂದ್ರೆ ಎರಡು ಮನೇನೂ ಉಳಿಯುತ್ತೆ. ಹೂಂ ಅಂದಳು. ಬಾಯಲ್ಲಿ ದಾರ ಇತ್ತು, ಬೇರೆ ಮಾತು ಬರುವಂತಿರಲಿಲ್ಲ. ಹೊಸ ಉಡುಪು ಯಾಕೆ ಅಂದಳು ಅಮ್ಮ, ನೀನು ಅಕ್ಕಂಗೆ ಹೊಲಿದಿದ್ದೇ ಇದೆಯಲ್ಲ, ರೇಷ್ಮೆ ಅದು, ಪೆಟ್ಟಿಗೇಲಿ ಕೊಳೆಯೋದು ಬೇಡ, ಸ್ವಲ್ಪ ಬಿಚ್ಚಿ ದೊಡ್ಡದು ಮಾಡ್ಕೋ. ಅಕ್ಕ ಕಡ್ಡಿ. ಪಕ್ಕದ ಹೊಲಿಗೆಯ ಒಳಗೆ ನಾಲ್ಕು ಬೆರಳು ಬಟ್ಟೆ ಬಿಟ್ಟಿದ್ದಳು ಇವಳು, ಮದುವೆಯಾದ ಮೇಲೆ ಅಕ್ಕ ಮೈ ತುಂಬಿಕೊಂಡರೆ ಇರಲಿ ಅಂತ. ಆದರೆ ಹೊಲಿಗೆ ಮಾತ್ರ ಬೇಕೆಂದೇ ಚಿಕ್ಕದು, ಮಿಷನ್ನಿನಲ್ಲಿ ಎಷ್ಟು ಚಿಕ್ಕದಾಗುತ್ತದೋ ಅಷ್ಟು, ಒತ್ತೊತ್ತಾಗಿ, ನಮ್ಮಕ್ಕಂದು ಜನ್ಮದಲ್ಲಿ ಬಿಚ್ಚಬಾರದು ಅಂತ. ಗಿರಾಕಿಗಳಿಗೆ ಯಾವತ್ತೂ ಹಾಗೆ ಹೊಲಿಯುವುದಿಲ್ಲ. ದೊಡ್ಡ ಹೊಲಿಗೆಯಾದರೆ ಬಿಚ್ಚಿ, ಒದ್ದೆ ಬಟ್ಟೆ ಹಾಕಿ ಇಸ್ತ್ರಿ ತಿಕ್ಕಿದರೆ ಗುರುತು ಹೋಗುತ್ತದೆ. ಇದು ಹೋಗಲಿಲ್ಲ. ಉಗುರಿನಿಂದ ತಿಕ್ಕಿದಳು, ಹಬೆ ಹಿಡಿದಳು, ರೇಷ್ಮೆ ಒಮ್ಮೆ ತೂತಾದರೆ ತೂತೇ. ಎರಡೂ ಪಕ್ಕ, ಕಂಕುಳಿನಿಂದ ಸೊಂಟದವರೆಗೆ, ಹೊಸ ಹೊಲಿಗೆಯ ಈಚೆ ಹಳೆಯದರ ಸಾಲು, ದಾರವಿಲ್ಲದೆ. ಎಡಗೈಯ ಹೆಬ್ಬೆರಳು ಈಗಲೂ ಅಲ್ಲೇ ಇದೆ, ಬಟ್ಟೆಯ ಮೇಲೆ, ಸವರುತ್ತಾ.

ಬಂದರು. ಹತ್ತಿರದಿಂದ ನೋಡಿದರೆ ತುಂಬ ಸಣ್ಣ ಮನುಷ್ಯ, ನಿಲುವಂಗಿಯ ತೋಳಿನ ತುದಿ ಸವೆದದ್ದನ್ನು ಯಾರೋ ಗೊತ್ತಿದ್ದವರೇ ರಫೂ ಮಾಡಿದ್ದಾರೆ, ಅಚ್ಚುಕಟ್ಟು ಕೆಲಸ. ಇಬ್ಬರೂ ಎದ್ದು ನಿಂತರು. ಸಹಾಯಕ ಪಟ್ಟಿ ನೋಡಿ ಇವರ ಹೆಸರು ಓದಿದ, ಪರದೇಶದ ನಾಲಿಗೆಯಲ್ಲಿ ಸೊಟ್ಟಗೆ, ಆಮೇಲೆ ಇನ್ನೊಂದು ಹೆಸರು ಓದಿದ. ಅಕ್ಕನ ಹೆಸರು. ಮತ್ತೊಮ್ಮೆ ಓದಿ ಹುಬ್ಬೆತ್ತಿ ಇವಳನ್ನೇ ನೋಡಿದ, ನೀವೇ ತಾನೆ ಅನ್ನುವ ಹಾಗೆ. ಮುದುಕರ ಕೈ ಅರ್ಧಕ್ಕೆ ಬಂದು ನಿಂತಿದೆ. ಕಾಟು ಹಾಕೋಕೆ ಕೈ ಬರ್ಲಿಲ್ಲ, ಇವರು ಹೇಳುತ್ತಿದ್ದಾರೆ, ನೆಲ ನೋಡಿಕೊಂಡು, ಇವಳಿಗಷ್ಟೇ ಕೇಳುವ ಹಾಗೆ, ಪೆನ್ನು ಹಿಡ್ಕೊಂಡು ಕೂತಿದ್ದೆ, ಎರಡು ದಿನ ಕೂತಿದ್ದೆ, ಅವಳ ಹೆಸರಿನ ಮೇಲೆ ಗೀಟು ಎಳೆಯೋಕೆ ಆಗ್ಲಿಲ್ಲ. ಇವಳು ಅಲ್ಲ ಅಂದರೆ ಸಾಕು. ಸಹಾಯಕನ ಕೈಯಲ್ಲಿ ಪೆನ್ಸಿಲ್ ಇದೆ, ಇವಳ ಹೆಸರು ಮೂರೇ ಅಕ್ಷರ, ನಾಲಿಗೆಯ ತುದಿಯಲ್ಲೇ ಇದೆ, ಹೇಳಿದರೆ ಬರೆದುಕೊಳ್ಳುತ್ತಾನೆ, ಓದುತ್ತಾನೆ, ಇವರಿಗೆ ಕೇಳುತ್ತದೆ. ಹೂಂ ಅಂದಳು. ಈಗ ಬಾಯಲ್ಲಿ ದಾರವೂ ಇರಲಿಲ್ಲ. ಕೈ ಜೋಡಿಸಿ ಎತ್ತಿ ಅಂತ ಸಹಾಯಕ ಸನ್ನೆ ಮಾಡಿದ, ಎತ್ತಿದಳು, ಹಣೆಯವರೆಗೆ, ಈ ಉಡುಪಿನಲ್ಲಿ ಮೊದಲ ಸಲ, ತಲೆಯ ಮೇಲೆ ಮುದುಕರ ಕೈ ಬಂದು ಕೂತಿತು, ಹಗುರ, ಬೆಚ್ಚಗೆ, ನೂರು ವರ್ಷ ಬಾಳು ಅಕ್ಕ, ಅಂದುಕೊಂಡಳು, ಪಕ್ಕದಲ್ಲಿ ಇವರು ತಲೆಯೆತ್ತಿದ್ದಾರೆ, ನೋಡುತ್ತಿರುವುದು ಗುರುಗಳನ್ನಲ್ಲ, ಇವಳ ಮುಖವನ್ನೂ ಅಲ್ಲ, ತೋಳಿನ ಕೆಳಗೆ, ಏನದು ಸಾಲಾಗಿ, ಮೆಲ್ಲಗೆ ಕೇಳುತ್ತಿದ್ದಾರೆ, ಅಕ್ಕಂಗೆ ಹೊಲಿದಿದ್ದು, ನಾನೇ ಬಿಚ್ಚಿದೆ, ಅಂದಳು, ಇವರಿಗೆ ಒಂದು ಗೀಟು ಎಳೆಯಲು ಕೈ ಬರಲಿಲ್ಲ, ಇವಳಿಗೆ ಬಂದಿತ್ತು, ಬ್ಲೇಡು ಹಿಡಿದು ಕೂತಿದ್ದಳು, ಕಂಕುಳಿನಿಂದ ಸೊಂಟದವರೆಗೆ, ಒಂದನ್ನೂ ಬಿಡದೆ, ಒಂದು ತೂತು, ಅದರ ಪಕ್ಕ ಇನ್ನೊಂದು, ಅದರ ಪಕ್ಕ