ಹಾಳೆಯ ಮಡಿಕೆಯಲ್ಲಿ ಅಡಗಿದ ಹೆಸರು

ಜಿಯಾನ್‌ಯಾಂಗ್ ಸೀಮೆಯಲ್ಲಿ ನಮ್ಮೂರಿನಷ್ಟು ಪುಸ್ತಕ ಅಚ್ಚಾಗುವ ಊರು ಇನ್ನೊಂದಿರಲಿಲ್ಲ. ಮಸಿ ತೊಳೆದೂ ತೊಳೆದೂ ಹೊಳೆಯ ನೀರು ಎಷ್ಟು ಕಪ್ಪಾಗಿತ್ತೆಂದರೆ, ಬಾತುಕೋಳಿಗಳು ದಡ ಹತ್ತಿ ನಾಲ್ಕು ಹೆಜ್ಜೆ ಇಟ್ಟರೆ ನೆಲದ ಮೇಲೆ ಅರ್ಧ ಪದ್ಯ ಬರೆದು ಮುಗಿದಿರುತ್ತಿತ್ತು. ಅಚ್ಚೊತ್ತಲು ಮರದ ಹಲಗೆಯ ಮೇಲೆ ಅಕ್ಷರ ಕೆತ್ತುವ ಆ ಊರಿನವರಲ್ಲಿ ಪಾನ್ ಲಿಯು ಮೊದಲಿಗ. ಸೊಳ್ಳೆಯ ರೆಕ್ಕೆಯ ಮೇಲೆ ಅದರ ವಂಶಾವಳಿಯನ್ನೇ ಕೆತ್ತಬಲ್ಲವನು, ಅದೂ ಸೊಳ್ಳೆಗೆ ಎಚ್ಚರವಾಗದ ಹಾಗೆ.

ಅವನಿಗೆ ಅಕ್ಷರ ಕಲಿಸಿದವರು ಗೋಂಗ್ ಯಿಷು ಮೇಷ್ಟ್ರು. ಅರಸನ ಅಧಿಕಾರಿಯಾಗಲು ಹನ್ನೊಂದು ಸಲ ರಾಜಧಾನಿಯ ಪರೀಕ್ಷೆಗೆ ಕೂತು ಹನ್ನೊಂದು ಸಲವೂ ಬರಿಗೈಯಲ್ಲಿ ಬಂದವರು. ಆಮೇಲೆ ಮೂವತ್ತು ವರ್ಷ ಮನೆ ಬಿಟ್ಟು ಕದಲದೆ, ಆಕಾಶದಿಂದ ಹಿಡಿದು ಉಪ್ಪಿನಕಾಯಿಯವರೆಗೆ ಲೋಕದಲ್ಲಿರುವುದನ್ನೆಲ್ಲ ವಿಂಗಡಿಸಿ ಒಂದು ಕೋಶ ಮಾಡಿದರು. ಮನೆಯಲ್ಲಿ ಚೀಟಿ ತುಂಬಿ ತುಂಬಿ, ಬೆಕ್ಕು ಮಾಡಿನ ಮೇಲೆಯೇ ಸಂಸಾರ ಹೂಡಿತ್ತು. ಈಗ ಕಣ್ಣು ಮಂಜಾಗಿತ್ತು. ಅವರಿಗೆ ಉಳಿದಿದ್ದ ಆಸೆ ಒಂದೇ: ಆ ಕೋಶದಲ್ಲಿ ತಮ್ಮ ಹೆಸರಿರಬೇಕು.

ಅಚ್ಚುಮನೆಯ ಯಜಮಾನಿ ಝಾನ್ ಮಾತ್ರ, ಪುಸ್ತಕ ಬರೆದವರ ಹೆಸರು ಬರುವ ಮೊದಲ ಹಲಗೆಗೆ ಬೇರೆ ಹೆಸರು ಬರೆಸಿ ತಂದಳು. ಎಂದೋ ತೀರಿಹೋದ ಒಬ್ಬ ದೊಡ್ಡ ಮಂತ್ರಿಯದು.

"ಅಮ್ಮಾವ್ರೇ, ಅವ್ರು ಸತ್ತು ನಲವತ್ತು ವರ್ಷ ಆಯ್ತು," ಎಂದರು ಮೇಷ್ಟ್ರು. "ಹೋದ ವರ್ಷ ಕಾಣಿಸ್ಕೊಂಡ ಬಾಲಚುಕ್ಕಿ ಈ ಪುಸ್ತಕದಲ್ಲಿದೆ. ಅದನ್ನ ಅವ್ರು ಹೇಗ್ ಬರೀತಾರೆ?"

"ಮೇಲಿದ್ದಾರಲ್ಲ ಮೇಷ್ಟ್ರೇ, ನಿಮಗಿಂತ ಹತ್ತಿರದಿಂದ ನೋಡಿರ್ತಾರೆ!" ಎಂದಳು ಯಜಮಾನಿ. "ಪರೀಕ್ಷೆಗೆ ಓದೋ ಹುಡುಗ್ರು ಪಾಸಾದವರ ಪುಸ್ತಕ ಕೇಳ್ತಾರೆ. ಹನ್ನೊಂದು ಸಲ ಡುಮ್ಕಿ ಹೊಡೆದವರದ್ದು ಯಾರಿಗ್ ಬೇಕು?"

ಮೇಷ್ಟ್ರು ಕೋಲೂರಿಕೊಂಡು ಹೊರಟುಹೋದರು. ಅವರು ಬಾಗಿಲ ಹೊಸ್ತಿಲನ್ನು ಕಾಲಿನಿಂದ ತಡಕುವುದನ್ನು ಪಾನ್ ಲಿಯು ನೋಡಿದ.

ನಮ್ಮಲ್ಲಿ ಪ್ರತಿ ಹಲಗೆಯಲ್ಲೂ ಎರಡು ಪುಟಗಳ ಮಧ್ಯೆ ಬರುವ ನಡುಪಟ್ಟಿಯ ಬುಡದಲ್ಲಿ ಕೆತ್ತಿದವನ ಹೆಸರಿರುತ್ತದೆ. ಅದು ಹೊಗಳಿಕೆಗಲ್ಲ, ತಪ್ಪು ಸಿಕ್ಕರೆ ಕಿವಿ ಹಿಡಿಯುವುದಕ್ಕೆ. ತಪ್ಪು ಮಾಡಿದವನು ಎಲ್ಲರೆದುರು ಹಲಗೆಯ ಮೇಲೆ ಕೈಯಿಟ್ಟು "ಇದು ನನ್ನದು" ಎನ್ನಬೇಕು. ಹಾಗೆ ಒಪ್ಪಿಕೊಂಡವನ ಹೆಸರನ್ನು ಮತ್ತೆ ಯಾರೂ ಹೆರೆಯುವಂತಿಲ್ಲ. ಇದು ಯಜಮಾನಿಯ ಮಾವನ ಅಪ್ಪ ಹಾಕಿದ ಕಟ್ಟಳೆ. ಪುಸ್ತಕ ಕಟ್ಟುವಾಗ ಹಾಳೆಯನ್ನು ಆ ಪಟ್ಟಿಯಲ್ಲೇ ಮಡಿಚಿ ಬೆನ್ನಿಗೆ ಅಂಟಿಸುವುದರಿಂದ ಓದುವವರಿಗೆ ಆ ಹೆಸರು ಕಾಣುವುದೇ ಇಲ್ಲ.

ಪಾನ್ ಲಿಯು ತನ್ನ ಪಾಲಿಗೆ ಬಂದ ಮುನ್ನೂರ ಹನ್ನೆರಡು ಹಲಗೆಗಳ ಬುಡದಲ್ಲೂ ತನ್ನ ಹೆಸರು ಬಿಟ್ಟು "ಗೋಂಗ್ ಯಿಷು" ಎಂದು ಕೆತ್ತಿದ. ಯಾರಿಗೂ ಹೇಳಲಿಲ್ಲ, ಮೇಷ್ಟ್ರಿಗೂ.

ಕರಡು ಹಾಳೆಗಳನ್ನು ಒಣಹಾಕಿದ ದಿನ ಯಜಮಾನಿ ಕೂಗಿದ ಕೂಗಿಗೆ ಬೆಟ್ಟದ ಮೇಲಿನ ಚಹಾ ಗಿಡಗಳೆಲ್ಲ ಚಿಗುರು ಉದುರಿಸಿದವು.

"ನೀರುನಾಯಿ ಮೀನಿನ ಅಧ್ಯಾಯದಲ್ಲಿದೆ! ಯಾವ ಕುರುಡ ಕೆತ್ತಿದ್ದು ಇದನ್ನ?" ಹಾಳೆಯ ನಡುಪಟ್ಟಿ ನೋಡಿದಳು. ಇನ್ನೊಂದು ನೋಡಿದಳು. ಮತ್ತೊಂದು. "ಗೋಂಗ್ ಯಿಷು... ಗೋಂಗ್ ಯಿಷು... ಮೇಷ್ಟ್ರು ಯಾವಾಗಯ್ಯಾ ಉಳಿ ಹಿಡಿದ್ರು?"

ಕೆತ್ತುವವರೆಲ್ಲ ತಲೆ ತಗ್ಗಿಸಿದರು. ಪಾನ್ ಲಿಯು ಎದ್ದು ನಿಂತ. "ಕೆತ್ತಿದ್ದು ನಾನಮ್ಮಾ. ಆದ್ರೆ ಮೇಷ್ಟ್ರು ಬರೆದುಕೊಟ್ಟ ಹಾಳೇಲಿ ಇದ್ದಿದ್ದೇ ಹಾಗೆ. ನಾನು ಒಂದು ಚುಕ್ಕೀನೂ ಬದಲಾಯಿಸಿಲ್ಲ."

"ಹಾಗಾದ್ರೆ ಕರೀರಿ ಅವ್ರನ್ನ. ಬಂದು ತಪ್ಪು ತಮ್ಮದು ಅಂತ ಹೇಳ್ಲಿ. ಇಲ್ದಿದ್ರೆ ಸಂಜೆಯೊಳಗೆ ಎಲ್ಲಾ ಹಲಗೆ ಹೆರೆದು ನಿನ್ನ ಹೆಸರು ಹಾಕು."

ಮೇಷ್ಟ್ರು ಬಂದರು. ಪಾನ್ ಲಿಯು ನಡೆದದ್ದನ್ನೆಲ್ಲ ಹೇಳಿ, ಅವರ ಬೆರಳು ಹಿಡಿದು ಹಲಗೆಯ ಬುಡ ಮುಟ್ಟಿಸಿದ. ಉಬ್ಬು ಗೆರೆಗಳ ಮೇಲೆ ಬೆರಳು ಒಮ್ಮೆ ಹೋಯಿತು, ಹಿಂದಕ್ಕೆ ಬಂದು ಮತ್ತೊಮ್ಮೆ ಹೋಯಿತು. ಹಲಗೆಯಲ್ಲಿ ಅಕ್ಷರ ತಿರುಗುಮುರುಗಾಗಿದ್ದರೂ ಸ್ವಂತ ಹೆಸರು ಯಾರಿಗೆ ತಿಳಿಯುವುದಿಲ್ಲ?

"ನೀರುನಾಯಿ ಮೀನೇನ್ರೀ ಮೇಷ್ಟ್ರೇ?" ಎಂದಳು ಯಜಮಾನಿ.

"ಅಲ್ಲಮ್ಮಾ. ಮೀನಿನ ಅಧ್ಯಾಯ ಬರೆದ ವರ್ಷ ನನಗೆ ಜ್ವರ. ಚೀಟಿ ತಪ್ಪು ಪೆಟ್ಟಿಗೆಗೆ ಹಾಕಿದೆ." ಮೇಷ್ಟ್ರು ಅಂಗೈಯನ್ನು ಹಲಗೆಯ ಮೇಲೆ ಪೂರ್ತಿ ಊರಿದರು. "ಇದು ನನ್ನದು."

"ಸರಿ, ಕಟ್ಟಳೆ ಕಟ್ಟಳೆ. ಈ ಒಂದ್ರಲ್ಲಿ ಹೆಸರು ಇರ್ಲಿ. ಮಿಕ್ಕ ಮುನ್ನೂರ ಹನ್ನೊಂದು?"

ಮೇಷ್ಟ್ರು ಮುಂದಿನ ಹಲಗೆಗೆ ನಡೆದು, ಅಕ್ಷರ ತಡವಿ ನೋಡಿ ಕೈಯಿಟ್ಟರು. "ಇದ್ರಲ್ಲಿ ಪೀಚ್ ಹಣ್ಣಿನ ಬಗ್ಗೆ ಒಂದು ಮಾತು ಬಿಟ್ಟುಹೋಗಿದೆ. ನನ್ನದು." ಇನ್ನೊಂದಕ್ಕೆ ಹೋದರು. "ಇಲ್ಲಿ ಸೇತುವೆ ಎರಡು ಸಲ ಬಂದಿದೆ. ಇದೂ ನನ್ನದು." ಮೂವತ್ತು ವರ್ಷದ ಒಂದೊಂದು ಎಡವಟ್ಟನ್ನೂ ಮಕ್ಕಳ ಹೆಸರು ಕರೆದಂತೆ ಕರೆಯುತ್ತ, ಹಲಗೆಯಿಂದ ಹಲಗೆಗೆ ನಡೆದರು. ಒಲೆಯ ಮೇಲಿದ್ದ ಗಂಜಿ ಕುದಿಯಿತು, ಆರಿತು, ಮತ್ತೆ ಬಿಸಿಯಾಯಿತು. ಮೇಷ್ಟ್ರು ಇನ್ನೂ ಮರಗಳ ಅಧ್ಯಾಯದಲ್ಲೇ ಇದ್ದರು.

ನೂರ ನಲವತ್ತನೆಯ ಹಲಗೆಯ ಹೊತ್ತಿಗೆ ಯಜಮಾನಿ ಕುಕ್ಕರಿಸಿ ಕೂತಳು. "ಸಾಕು ಮಾರಾಯ್ರೇ, ಎಲ್ಲಾ ನಿಮ್ಮವೇ! ಹೆಸರು ಇರ್ಲಿ. ಹೇಗಿದ್ರೂ ಅಂಟಿನೊಳಗೆ ಹೋಗೋದು, ಹುಳ ಬಿಟ್ರೆ ಯಾರೂ ಓದಲ್ಲ."

"ಹುಳಕ್ಕಾದ್ರೂ ಗೊತ್ತಿರ್ಲಿ," ಎಂದರು ಮೇಷ್ಟ್ರು. ಉಪ್ಪು ಹಾಕಿದ ಬಿದಿರಿನ ಕಳಲೆ ನಂಚಿಕೊಂಡು ಎರಡು ಬಟ್ಟಲು ಗಂಜಿ ಕುಡಿದರು.

ಪಾನ್ ಲಿಯು ಉಳಿ ಎತ್ತಿಕೊಂಡು, ಮೀನುಗಳ ನಡುವಿನಿಂದ ನೀರುನಾಯಿಯನ್ನು ಮೆಲ್ಲಗೆ ಕಿತ್ತು ತೆಗೆಯತೊಡಗಿದ.