ವಾಪಸು ಕಳಿಸಿದ ಮರಿಗಾಡಿ

ಸೋಮವಾರ ಬಂತೆಂದರೆ ಅವಳ ಎಡಗಿವಿ ಕೆಂಪಾಗುತ್ತಿತ್ತು. ಬೆಳಗ್ಗೆ ಹತ್ತರಿಂದ ಊಟದ ಹೊತ್ತಿನವರೆಗೆ ಇಪ್ಪತ್ತಾರು ಹ್ಯಾಚರಿಗಳಿಗೆ ಫೋನು ಮಾಡಿ ಮೂರು ಅಂಕಿ ಕೇಳುವುದು ಅವಳ ಕೆಲಸ: ಈ ವಾರ ಎಷ್ಟು ಮೊಟ್ಟೆ ಕಾವಿಗಿಟ್ಟಿರಿ, ಎಷ್ಟು ಮರಿ ಹೊರಬಂದವು, ಎಷ್ಟು ಮರಿಗಳನ್ನು ಸಾಕುವ ಶೆಡ್ಡುಗಳಿಗೆ ಬಿಟ್ಟಿರಿ. ಎಲ್ಲವನ್ನೂ ಕೂಡಿಸಿದ ಒಂದು ಪುಟದ ವರದಿ ಬುಧವಾರ ಹೊರಬೀಳುತ್ತಿತ್ತು. ಇನ್ನು ಆರು ವಾರಕ್ಕೆ ಮಾಂಸದಂಗಡಿಗಳಿಗೆ ಎಷ್ಟು ಕೋಳಿ ಬಂದೀತೆಂದು ವ್ಯಾಪಾರಿಗಳು ಆ ಪುಟ ನೋಡಿಯೇ ಅಂದಾಜು ಮಾಡುತ್ತಿದ್ದರು. ಹನ್ನೊಂದು ವರ್ಷದಲ್ಲಿ ಹ್ಯಾಚರಿಯವರಲ್ಲಿ ಒಬ್ಬರನ್ನೂ ಅವಳು ಕಣ್ಣಾರೆ ಕಂಡಿರಲಿಲ್ಲ. ಅವರೆಲ್ಲರ ಬಾಯಲ್ಲಿ ಅವಳು ಲೆಕ್ಕದಕ್ಕ.

ಕೆಲಸಕ್ಕೆ ಸೇರಿದ ದಿನ ಸಾಹೇಬರು ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದರು. ಒಟ್ಟು ಅಂಕಿ ಊರಿಗೆಲ್ಲ ಹೇಳಬಹುದು, ಯಾವುದೇ ಒಂದು ಹ್ಯಾಚರಿಯ ಅಂಕಿ ಮಾತ್ರ ಈ ಕೋಣೆ ದಾಟಬಾರದು. ಅದಿಲ್ಲದಿದ್ದರೆ ಯಾರೂ ನಿಜ ಹೇಳುವುದಿಲ್ಲ. "ಗಂಡನಿಗೂ ಹೇಳೋ ಹಾಗಿಲ್ಲಮ್ಮ," ಎಂದಿದ್ದರು. "ಗಂಡ ಇಲ್ಲ ಸಾರ್, ತಂಗಿ ಇದ್ದಾಳೆ," ಎಂದಿದ್ದಳು. "ಹಾಗಾದ್ರೆ ಇನ್ನೂ ಕಷ್ಟ," ಎಂದು ಅವರು ನಕ್ಕಿದ್ದರು.

ಮೊಟ್ಟೆ ಕಾವಿಗಿಟ್ಟ ಇಪ್ಪತ್ತೊಂದನೆಯ ದಿನ ಮರಿ ಬರುತ್ತದೆ. ಹಾಗಾಗಿ ಮೂರು ವಾರದ ಹಿಂದಿನ ಮೊಟ್ಟೆಯ ಅಂಕಿಯ ಪಕ್ಕದಲ್ಲಿ ಈ ವಾರದ ಮರಿಯ ಅಂಕಿ ಇಟ್ಟು ನೋಡಿದರೆ ಹ್ಯಾಚರಿಯ ಆರೋಗ್ಯ ತಿಳಿಯುತ್ತಿತ್ತು. ದೊಡ್ಡ ಕೆರೆಯ ಹಿಂದಿದ್ದ ಹ್ಯಾಚರಿಯದು ಹನ್ನೊಂದು ವರ್ಷವೂ ಗಡಿಯಾರದಂತೆ ಒಂದೇ ಲಯ. ವಾರಕ್ಕೆ ಒಂದು ಲಕ್ಷ ಮೊಟ್ಟೆ, ಎಂಬತ್ತೆರಡು ಸಾವಿರ ಮರಿ. ಅದರಲ್ಲಿ ಕುಂಟು, ಕುರುಡು, ಹೊಕ್ಕುಳು ಮುಚ್ಚದ್ದು ಎಂದು ಸುಮಾರು ಎರಡು ಸಾವಿರವನ್ನು ತೆಗೆದುಹಾಕಿ ಉಳಿದದ್ದನ್ನು ಶೆಡ್ಡುಗಳಿಗೆ ಕಳಿಸುತ್ತಿದ್ದರು. ಅಲ್ಲಿನ ಮ್ಯಾನೇಜರು ಅಂಕಿ ಹೇಳುವ ಮೊದಲು ಒಮ್ಮೆ ಗಂಟಲು ಸರಿಮಾಡಿಕೊಳ್ಳುವ ಮನುಷ್ಯ. ಮಗಳ ಮದುವೆ, ಮೊಮ್ಮಗುವಿನ ಹಲ್ಲು ಎಲ್ಲವೂ ಅವಳಿಗೆ ಫೋನಿನಲ್ಲೇ ಗೊತ್ತು.

ಆ ಸೋಮವಾರ ಆತ ಎಪ್ಪತ್ತೊಂದು ಸಾವಿರ ಎಂದ.

"ಯಾಕೆ ಇಷ್ಟು ಕಮ್ಮಿ?"

"ಕರೆಂಟು ಕೈಕೊಡ್ತು ಅಕ್ಕ. ಜನರೇಟರೂ ಕೈಕೊಡ್ತು."

"ಶೆಡ್ಡಿಗೆ ಬಿಟ್ಟಿದ್ದು?"

"ಅಷ್ಟೇ. ಎಪ್ಪತ್ತೊಂದು."

ಬರೆದುಕೊಳ್ಳುತ್ತಿದ್ದ ಅವಳ ಪೆನ್ನು ನಿಂತಿತು. ಬಂದದ್ದೂ ಎಪ್ಪತ್ತೊಂದು, ಬಿಟ್ಟದ್ದೂ ಎಪ್ಪತ್ತೊಂದು. ಒಂದು ಕುಂಟುಮರಿಯನ್ನೂ ತೆಗೆದಿಲ್ಲ.

ಮುಂದಿನ ವಾರ ಐವತ್ತೆಂಟು. ಮೆಷಿನ್ನು ಹಳೆಯದಾಯಿತು ಎಂದ. ಮತ್ತೆ ಬಂದದ್ದೂ ಬಿಟ್ಟದ್ದೂ ಒಂದೇ. ಫೋನಿನ ಹಿಂದೆ ಸದಾ ಕೇಳುತ್ತಿದ್ದ ಯಂತ್ರಗಳ ಗುಂಯ್ ಶಬ್ದ ಅಂದು ಅರ್ಧಕ್ಕರ್ಧ ಇಳಿದಿತ್ತು. ಮೂರನೆಯ ಸೋಮವಾರ ಮೂರು ಸಲ ಮಾಡಿದರೂ ಆತ ಫೋನು ಎತ್ತಲಿಲ್ಲ. ನಾಲ್ಕನೆಯ ಸಲಕ್ಕೆ ಎತ್ತಿ, ಗಂಟಲು ಸರಿಮಾಡಿಕೊಳ್ಳದೆ, "ಎಂಬತ್ತು ಅಂತ ಬರ್ಕೊಳ್ಳಿ ಅಕ್ಕ," ಎಂದ.

"ನಿಜವಾಗಿ ಎಷ್ಟು?"

ಆತ ದನಿ ತಗ್ಗಿಸಿದ: "ನಲವತ್ತಮೂರು. ನಿಮಗೆ ಮಾತ್ರ ಹೇಳ್ತಿದ್ದೀನಿ. ಮೊಟ್ಟೆ ಇಡೋ ತಾಯಿಕೋಳಿಗಳೇ ಕೂತಲ್ಲಿ ಕೂತಂಗೆ ಸಾಯ್ತಿವೆ. ಧಣಿಗಳು ಬಾಯಿ ಬಿಡಬೇಡ ಅಂದಿದ್ದಾರೆ. ಇರೋ ಮರೀನೆಲ್ಲ ಬೇಗ ಬೇಗ ಸಾಗಿಸ್ತಿದ್ದಾರೆ. ನಾನೂ ಮನೆಮಠ ಇರೋನು, ಏನ್ ಮಾಡ್ಲಿ?"

ಅವಳು ಹಾಳೆಗಳನ್ನು ಎತ್ತಿಕೊಂಡು ನೇರ ಸಾಹೇಬರ ಕೋಣೆಗೆ ಹೋದಳು. ಅವರು ಕನ್ನಡಕ ಹಣೆಗೇರಿಸಿ ಓದಿದರು, ಇಳಿಸಿ ಮತ್ತೆ ಓದಿದರು.

"ಪಶುವೈದ್ಯರಿಗೆ ಒಂದು ಮಾತು ಹೇಳ್ಬೇಕಲ್ವಾ ಸಾರ್?"

"ಏನಂತ ಹೇಳ್ತೀರಿ? ಹೆಸರಿಲ್ಲದೆ ಹೇಳಿದ್ರೆ ಅವರಿಗೆ ಉಪಯೋಗ ಇಲ್ಲ. ಹೆಸರು ಹೇಳಿದ್ರೆ ನಿಮಗೆ ಕೆಲಸ ಇಲ್ಲ." ಹಾಳೆಗಳನ್ನು ಅವಳ ಕಡೆಗೆ ಸರಿಸಿದರು. "ನಮ್ಮದು ಎಣಿಸೋ ಕೆಲಸ. ಒಟ್ಟು ಅಂಕಿಯಲ್ಲಿ ಇದು ಕಾಣೋದೂ ಇಲ್ಲ."

ಅದು ನಿಜವಾಗಿತ್ತು. ಇಪ್ಪತ್ತಾರು ಹ್ಯಾಚರಿಗಳ ಮೊತ್ತದಲ್ಲಿ ಆ ಕೊರತೆ ಕೆರೆಗೆ ಬಿದ್ದ ಹರಳಿನಂತೆ ಮುಳುಗಿಹೋಯಿತು. ಬುಧವಾರದ ವರದಿ ಎಲ್ಲ ಸರಿಯಾಗಿದೆ ಎಂದಿತು.

ಅದೇ ಬುಧವಾರ ಬೆಳಗ್ಗೆ ತಂಗಿ ಫೋನು ಮಾಡಿದಳು. ನಗರದಿಂದ ಒಂದು ಗಂಟೆಯ ದಾರಿಯಲ್ಲಿ ಅವಳದು ಐದು ಸಾವಿರ ಕೋಳಿಯ ಶೆಡ್ಡು. "ಅಕ್ಕಾ, ಇವತ್ತು ಮಧ್ಯಾಹ್ನ ಹೊಸ ಬ್ಯಾಚು ಬರುತ್ತೆ. ನಮ್ಮ ಮಾಮೂಲಿಯವರ ಹತ್ರ ಮರಿ ಸಿಗಲಿಲ್ಲ. ಕೆರೆ ಹಿಂದಿನ ಹ್ಯಾಚರಿಯವರು ತಾವಾಗೇ ಕೊಡ್ತೀವಿ ಅಂದ್ರು. ಪುಣ್ಯ ಅನ್ನು."

ಅಕ್ಕ ತಲೆನೋವೆಂದು ರಜೆ ಬರೆದುಕೊಟ್ಟು ಬಸ್ಸು ಹತ್ತಿದಳು.

ತಂಗಿ ಶೆಡ್ಡನ್ನು ಮದುವೆಮನೆಯಂತೆ ಸಿದ್ಧಮಾಡಿದ್ದಳು. ನೆಲಕ್ಕೆ ಹೊಸ ಮರದ ಹೊಟ್ಟು, ಸುತ್ತ ತಗಡಿನ ತಡೆ, ತಲೆಯ ಮೇಲೆ ಉರಿಯುವ ಕಾವಿನ ದೀಪಗಳು, ನೀರಿನ ಬಟ್ಟಲುಗಳು ಸಾಲಾಗಿ. ಬೆಚ್ಚನೆಯ ಆ ಖಾಲಿ ಜಾಗದಲ್ಲಿ ನಿಂತು ಅಕ್ಕ ಹೇಳಿದಳು: "ಆ ಗಾಡಿ ಬಂದ್ರೆ ಇಳಿಸ್ಕೋಬೇಡ."

"ಯಾಕೆ?"

"ಯಾಕೆ ಅಂತ ಕೇಳ್ಬೇಡ."

ತಂಗಿ ಅವಳ ಮುಖವನ್ನೇ ನೋಡಿದಳು. "ಹನ್ನೊಂದು ವರ್ಷದಲ್ಲಿ ನೀನು ಕೋಳಿ ವಿಷಯ ನನ್ನ ಹತ್ರ ತುಟಿ ಬಿಚ್ಚಿಲ್ಲ. ಎಷ್ಟು ಕೇಳಿದ್ರೂ ಕಲ್ಲಿನ ಹಾಗೆ ಕೂತಿರ್ತಿದ್ದೆ. ಇವತ್ತು ಬಸ್ಸು ಹತ್ಕೊಂಡು ಬಂದಿದ್ದೀಯ." ಮತ್ತೇನೂ ಕೇಳದೆ ಒಂದೊಂದೇ ದೀಪ ಆರಿಸುತ್ತ ಹೋದಳು.

ಮರಿಗಾಡಿ ಎರಡು ಗಂಟೆಗೆ ಬಂತು. ಮರಿ ತುಂಬಿದ ಗಾಡಿ ಫರ್ಲಾಂಗು ದೂರದಲ್ಲಿರುವಾಗಲೇ ಚಿಂವ್‌ಚಿಂವ್ ಕಿವಿ ತುಂಬಬೇಕು. ಈ ಗಾಡಿ ಗೇಟಿನ ಮುಂದೆ ನಿಂತು ಇಂಜಿನು ಆರಿದ ಮೇಲೂ ಸದ್ದಿರಲಿಲ್ಲ. ಡ್ರೈವರು ಹಿಂಬಾಗಿಲು ತೆರೆದ. ತೂತಿನ ಪೆಟ್ಟಿಗೆಗಳ ಗೋಡೆ. ಅಕ್ಕ ಬಗ್ಗಿ ಒಂದು ತೂತಿನಲ್ಲಿ ನೋಡಿದಳು. ಹಳದಿ ಮರಿಗಳು ಒಂದಕ್ಕೊಂದು ಆತು, ಕಣ್ಣು ಅರೆಮುಚ್ಚಿ ಕೂತಿದ್ದವು. ಅಂಕಿಗಳನ್ನು ಬರೆಯುತ್ತಲೇ ಇದ್ದ ಅವಳು ಆ ಅಂಕಿಯೊಳಗಿನ ಮರಿಗಳನ್ನು ಇಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

"ಬೇಡ. ವಾಪಸ್ ತಗೊಂಡ್ಹೋಗಿ," ಎಂದಳು ತಂಗಿ.

"ಏನಮ್ಮಾ ಇದು, ಮರಿ ಏನು ಹಳಸಿದ ಅನ್ನನಾ ವಾಪಸ್ ಒಯ್ಯೋಕೆ?" ಎಂದು ಡ್ರೈವರು ಗೊಣಗಿದ. ಯಾರಿಗೋ ಫೋನು ಮಾಡಿದ, ಹೂಂ ಹೂಂ ಎಂದ, ಗಾಡಿ ತಿರುಗಿಸಿದ.

ಆದರೆ ಗಾಡಿ ಬಂದ ದಾರಿಗೆ ಹೋಗಲಿಲ್ಲ. ಇನ್ನೂರು ಗಜ ಮುಂದೆ ಹೋಗಿ ಎಡಕ್ಕೆ ಹೊರಳಿತು. ಅಲ್ಲಿ ಮರಿ ಸಿಗದೆ ಖಾಲಿಯಿದ್ದ ಟೈಲರಮ್ಮನ ಶೆಡ್ಡು. ಇಪ್ಪತ್ತು ವರ್ಷ ಹೊಲಿಗೆ ಯಂತ್ರ ತುಳಿದು, ಕಾಲುನೋವೆಂದು ಅದನ್ನು ಬಿಟ್ಟು, ಹೋದ ವರ್ಷವಷ್ಟೇ ಕೋಳಿ ಸಾಕಲು ಶುರುಮಾಡಿದ ಹೆಂಗಸು. ಅವಳು ಕೈ ಒರೆಸಿಕೊಳ್ಳುತ್ತ ಹೊರಬಂದದ್ದು, ಡ್ರೈವರು ಏನೋ ಹೇಳಿದ್ದು, ಅವಳು ನಗುತ್ತ ಗೇಟಿನ ಎರಡೂ ಬಾಗಿಲು ತೆರೆದದ್ದು ಇಲ್ಲಿಂದಲೇ ಕಾಣುತ್ತಿತ್ತು.

ಅಕ್ಕನ ಕೈ ಅರ್ಧಕ್ಕೆ ಏರಿತು. ಕೂಗಿದ್ದರೆ ಕೇಳಿಸುವಷ್ಟೇ ದೂರ.

"ಅಕ್ಕಾ," ಎಂದಳು ತಂಗಿ ಮೆಲ್ಲಗೆ. "ನನಗೆ ಹೇಳಿದ್ದೇ ತಪ್ಪು. ಅವಳಿಗೂ ಹೇಳಿದ್ರೆ ನಿನ್ನ ಕೆಲಸ ಉಳಿಯುತ್ತಾ?"

ಕೈ ಕೆಳಗಿಳಿಯಿತು. ಪೆಟ್ಟಿಗೆಗಳನ್ನು ಇಳಿಸುವುದು ಮುಗಿಯುವವರೆಗೆ ಇಬ್ಬರೂ ಗೇಟಿನಲ್ಲೇ ನಿಂತಿದ್ದರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಶನಿವಾರ ತಂಗಿಗೆ ಬೇರೆ ಕಡೆಯಿಂದ ಗಟ್ಟಿಮುಟ್ಟಾದ ಮರಿಗಳು ಬಂದವು. ಶೆಡ್ಡಿನ ತುಂಬ ಗಲಾಟೆ, ಸಂತೆ ಸೇರಿದ ಹಾಗಿದೆ ಎಂದು ಫೋನಿನಲ್ಲಿ ಹೇಳಿದಳು. ಅಕ್ಕ ಕೇಳಿದ್ದು ಒಂದೇ ಮಾತು: "ಪಕ್ಕದವರದು?" ತಂಗಿ, "ಬೆಳಗ್ಗೆ ಟೈಲರಮ್ಮ ಒಂದು ಬಕೆಟ್ ಹಿಡ್ಕೊಂಡು ಹಿತ್ತಿಲಿಗೆ ಹೋಗೋದು ನೋಡಿದೆ," ಎಂದಳು. ಭಾನುವಾರ ಬಕೆಟ್ಟಿನ ಬದಲು ಕೈಗಾಡಿ. ಅಂದು ಸಂಜೆ ಟೈಲರಮ್ಮನೇ ತಂಗಿಯ ಬಾಗಿಲಿಗೆ ಬಂದು, ಮರಿಗಳಿಗೆ ಏನಾದರೂ ಔಷಧಿ ಗೊತ್ತೇ ಎಂದು ಕೇಳಿದಳಂತೆ.

ಸೋಮವಾರ ಅಕ್ಕ ಯಾರಿಗೂ ಫೋನು ಮಾಡಲಿಲ್ಲ. ಮೂರು ವಾರದ ಹಾಳೆಗಳನ್ನು ಚೀಲಕ್ಕೆ ಹಾಕಿಕೊಂಡು ರಸ್ತೆಯಾಚೆಯ ಪಶುವೈದ್ಯ ಇಲಾಖೆಗೆ ನಡೆದಳು. ಡಾಕ್ಟರು ಹಾಳೆ ತಿರುವುತ್ತ ತಿರುವುತ್ತ ಎದ್ದು ನಿಂತರು.

"ಇದು ನಿಮಗೆ ಯಾವಾಗಿಂದ ಗೊತ್ತು?"

"ಪೂರ್ತಿ ಗೊತ್ತಾಗಿ ಒಂದು ವಾರ."

ಅವರು ಬೈಯಲಿಲ್ಲ. ಕೂತುಕೊಳ್ಳಿ ಎಂದೂ ಹೇಳಲಿಲ್ಲ. ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಫೋನು ಮಾಡತೊಡಗಿದರು.

ಮಂಗಳವಾರ ಹ್ಯಾಚರಿಗೆ ಬೀಗ ಬಿತ್ತು. ವಾರದೊಳಗೆ ಹಕ್ಕಿಜ್ವರ ಎಂದು ಖಚಿತವಾಯಿತು. ಮರಿಗಿಂತ ಹೆಚ್ಚಾಗಿ ಅದು ಪೆಟ್ಟಿಗೆಗಳಲ್ಲಿ, ಗಾಡಿಯ ಚಕ್ರಗಳಲ್ಲಿ ಅಂಟಿಕೊಂಡು ಹೋಗಿತ್ತು. ಮರಿ ಇಳಿಸಿದ ಹದಿನಾಲ್ಕು ಕಡೆ ರೋಗ ಸಿಕ್ಕಿತು. ಪ್ರತಿಯೊಂದರ ಸುತ್ತ ಒಂದು ಕಿಲೋಮೀಟರಿನೊಳಗೆ ಇರುವ ಕೋಳಿಯನ್ನೆಲ್ಲ, ರೋಗ ಇರಲಿ ಇಲ್ಲದಿರಲಿ, ಕೊಂದು ಹೂಳಬೇಕೆಂದು ಆದೇಶವಾಯಿತು.

ತಂಗಿಯ ಶೆಡ್ಡು ಇನ್ನೂರು ಗಜದಲ್ಲಿತ್ತು.

ಮುಂದಿನ ಬುಧವಾರ ಅಕ್ಕ ಅಲ್ಲಿಗೆ ಹೋದಾಗ ಬಿಳಿ ನಿಲುವಂಗಿಯವರು ರಸ್ತೆಗೆ ಸುಣ್ಣ ಸುರಿದು ಮುಗಿಸಿದ್ದರು. ಹಿತ್ತಿಲಲ್ಲಿ ಜೆಸಿಬಿ ಗುಂಡಿ ತೆಗೆಯುತ್ತಿತ್ತು. ಶೆಡ್ಡಿನೊಳಗೆ ಐದು ಸಾವಿರ ಮರಿಗಳು ಕಾವಿನ ದೀಪದ ಕೆಳಗೆ ಓಡಾಡುತ್ತ, ಕಾಳು ಕುಕ್ಕುತ್ತ, ಕಿವಿ ಕಿತ್ತುಹೋಗುವಂತೆ ಕೂಗುತ್ತಿದ್ದವು. ತಂಗಿ ನೀರಿನ ಬಟ್ಟಲುಗಳನ್ನು ತುಂಬಿಸುತ್ತಿದ್ದಳು.

"ಇನ್ಯಾಕೆ ನೀರು?" ಎಂದ ನಿಲುವಂಗಿಯವನೊಬ್ಬ.

"ಬಾಯಾರಿದೆ ಅವಕ್ಕೆ," ಎಂದಳು ತಂಗಿ.

ಅಕ್ಕ ಅಲ್ಲಿ ನಿಲ್ಲಲಾರದೆ ಟೈಲರಮ್ಮನ ಮನೆಗೆ ನಡೆದಳು. ಅಲ್ಲಿ ಕೆಲಸ ಹಿಂದಿನ ದಿನವೇ ಮುಗಿದಿತ್ತು. ಟೈಲರಮ್ಮ ಜಗುಲಿಯ ಮೇಲೆ ಕಾಲು ನೀಡಿ ಕೂತಿದ್ದಳು. ಬಂದವಳನ್ನು ಕಂಡು ಸರಿದು ಜಾಗ ಮಾಡಿಕೊಟ್ಟಳು.

"ನೀವೂ ಬಂದ್ರಾ. ಪಾಪ, ನಿಮ್ಮ ತಂಗಿಗೂ ಹೀಗಾಯ್ತು ನೋಡಿ. ನನ್ನ ದೆಸೆಯಿಂದ."

ಅಕ್ಕ ಕೂರಲಿಲ್ಲ. "ನಿಮ್ಮ ದೆಸೆಯಿಂದ ಅಲ್ಲ. ನನಗೆ ಮೊದಲೇ ಗೊತ್ತಿತ್ತು. ಆ ಗಾಡೀನ ತಂಗಿ ವಾಪಸ್ ಕಳಿಸಿದ್ದು ನಾನು ಹೇಳಿದ್ದಕ್ಕೆ. ಅದು ನಿಮ್ಮ ಗೇಟಿಗೆ ತಿರುಗಿದ್ದನ್ನ ನಿಂತು ನೋಡಿದೆ."

ಟೈಲರಮ್ಮ ನೋಯುವ ಕಾಲನ್ನು ನೀವಿಕೊಂಡಳು. ಆಚೆ ಜೆಸಿಬಿಯ ಸದ್ದು ನಿಂತಿತು. ತಂಗಿಯ ಶೆಡ್ಡಿನ ಕೂಗು ಇಲ್ಲಿಗೂ ಕೇಳುತ್ತಿತ್ತು, ಈಗ ಒಂದು ಮೂಲೆಯಿಂದ ಕಡಿಮೆಯಾಗುತ್ತ ಬರುತ್ತಿತ್ತು.

"ಅವತ್ತು ನೀವು ಕೈ ಎತ್ತಿದ್ದು ನಾನೂ ನೋಡ್ದೆ," ಎಂದಳು ಟೈಲರಮ್ಮ. "ನಮಸ್ಕಾರ ಹೇಳ್ತಿದ್ದೀರಿ ಅನ್ಕೊಂಡೆ. ನಾನೂ ಕೈ ಎತ್ತಿದೆ. ನೀವು ನೋಡ್ಲಿಲ್ಲ."

ಅವಳು ಕಾಲು ಮಡಚಿ, ಗೋಡೆ ಹಿಡಿದು ನಿಧಾನವಾಗಿ ಎದ್ದು ಒಳಗೆ ಹೋದಳು. ಬಾಗಿಲು ಹಾಕಿಕೊಳ್ಳಲಿಲ್ಲ. ಅಕ್ಕ ಒಳಗೂ ಹೋಗದೆ, ರಸ್ತೆಗೂ ಇಳಿಯದೆ, ಆಚೆಯ ಶೆಡ್ಡಿನಲ್ಲಿ ಕೊನೆಯ ಮರಿಯ ಸದ್ದು ಅಡಗುವವರೆಗೆ ಆ ಜಗುಲಿಯ ಮುಂದೆ ನಿಂತೇ ಇದ್ದಳು.