ಎಂಟನೇ ಮಂಚ

ಉಳ್ಳಾಲದ ಪಕೀರಬ್ಬನದು ಕೊಲ್ಲಿ ದೇಶದಲ್ಲಿ ಹದಿನೆಂಟು ವರ್ಷದಿಂದ ಒಂದೇ ಚಾಕರಿ. ಸರ್ಕಾರಿ ಇನ್ಸ್‌ಪೆಕ್ಟರರ ಕಾರು ಓಡಿಸುವುದು, ಕೆಲಸಗಾರರ ಮಾತನ್ನು ಅರಬಿಯಲ್ಲಿ ಅವರಿಗೆ ತಿಳಿಸುವುದು, ಅವರು ಹೇಳಿದ್ದನ್ನು ಫಾರಂನಲ್ಲಿ ತುಂಬುವುದು.

ಆ ದಿನ ಅಲ್ ವಕ್ರಾದ ಆಚೆಗಿನ ಲೇಬರ್ ಕ್ಯಾಂಪಿನ ವರಾಂಡದಲ್ಲಿ ವಾಟರ್ ಕೂಲರ್ ಫಳಫಳ ಹೊಳೆಯುತ್ತಿತ್ತು. ಬದಿಯಲ್ಲೊಂದು ನಗ್ಗು. ಪಕೀರಬ್ಬನಿಗೆ ಮೈ ಉರಿಯಿತು. ಹಿಂದಿನ ದಿನ ಅದೇ ಕಂಪೆನಿಯ ಅಲ್ ಥುಮಾಮಾ ಕ್ಯಾಂಪಿನಲ್ಲಿ ಇದೇ ಕೂಲರನ್ನು ನೋಡಿದ್ದ.

ಮೂರನೇ ರೂಮಿನಲ್ಲಿ ಬಂಟ್ವಾಳ ಕಡೆಯ ತುಕ್ರನಿದ್ದ. ಕ್ಯಾಂಪ್ ಬಾಸ್ ಹಂಝ ಬಾಗಿಲಲ್ಲೇ ಮೊಬೈಲ್ ಒತ್ತುತ್ತ ನಿಂತಿದ್ದ. ಅವನು ಕೇರಳದವನು, ಎರಡು ವರ್ಷದಿಂದ ಅವನೊಡನೆ ಮಲಯಾಳದಲ್ಲೇ ಮಾತು. ಆ ಧೈರ್ಯದಲ್ಲಿ ಪಕೀರಬ್ಬ ತುಳುವಿನಲ್ಲಿ ಕೇಳಿದ.

“ಈ ಕೂಲರ್ ದಿನಾ ಇರ್ತದಾ ಮಾರಾಯ?”

ತುಕ್ರ ಹಂಝನತ್ತ ನೋಡಿದ.

“ಹೆದರ್ಬೇಡ, ಅವನಿಗೆ ತುಳು ಬರುದಿಲ್ಲ.”

“ಎಂಥ ಇರುದು ಬ್ಯಾರಿಗಳೇ! ನೀವು ಬರ್ತೀರಿ ಅಂತ ಬೆಳಿಗ್ಗೆ ಪಿಕಪ್ಪಲ್ಲಿ ತಂದದ್ದು. ನೀವು ಹೋದ ಕೂಡ್ಲೇ ಅದೂ ಹೋಗ್ತದೆ. ನಾವು ಕುಡಿಯುದು ಟ್ಯಾಂಕಿಯ ಬಿಸಿನೀರು. ಉಚ್ಚೆ ಹೊಯ್ಯುವಾಗ ಬೆಂಕಿ ಬಿದ್ದ ಹಾಗೆ ಆಗ್ತದೆ.”

ಹೊರಗೆ ಬಂದು ಪಕೀರಬ್ಬ ಎಲ್ಲವನ್ನೂ ಹೇಳಿದ. ಇನ್ಸ್‌ಪೆಕ್ಟರ್ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

“ಕೂಲರ್ ಇದೆಯೇ ಎಂದು ಫಾರಂ ಕೇಳುತ್ತದೆ. ಇದೆ. ನಾಳೆ ಇರುತ್ತದೆಯೇ ಎಂಬ ಕಾಲಂ ಇಲ್ಲ. ಹಿಂದೆ ಕಾಲಂ ಇಲ್ಲದ್ದನ್ನೂ ಬರೆಯುತ್ತಿದ್ದೆ ಪಕೀರ್. ಒಬ್ಬನೂ ಓದಲಿಲ್ಲ. ಖಲಾಸ್.”

ಕಾರಿನ ಬಾಗಿಲು ಹಾಕಲು ಬಂದ ಹಂಝ ಕಿಟಕಿಗೆ ಬಗ್ಗಿದ. ಅವನ ಬಾಯಿಂದ ಬಂದದ್ದು ಅಚ್ಚ ತುಳು.

“ಪಕೀರಬ್ಬಾಕ, ನಂದು ಮಂಜೇಶ್ವರ. ಕೇರಳಕ್ಕೆ ಸೇರಿದ್ರೂ ನಾವು ಆಡುದು ತುಳುವೇ. ನೀವು ಒಂದು ದಿನವೂ ಕೇಳ್ಲಿಲ್ಲ ನೋಡಿ.”

ಪಕೀರಬ್ಬ ಕಾರಿನ ಕೀಲಿಯಿಂದ ಕೈ ತೆಗೆದ. “ಆ ಪಾಪದವನನ್ನು ಬಿಡು ಹಂಝ. ಕೇಳಿದ್ದು ನಾನು.”

“ಹೇಳಿದ್ದು ಅವ ಅಲ್ವಾ?”

“ಯಲ್ಲಾ, ಹೊರಡು,” ಎಂದರು ಹಿಂದಿನ ಸೀಟಿನಿಂದ ಇನ್ಸ್‌ಪೆಕ್ಟರ್.

ತಿಂಗಳು ಕಳೆದು ಮತ್ತೆ ಹೋದಾಗ ನಗ್ಗಿದ ಕೂಲರ್ ಅದೇ ಜಾಗದಲ್ಲಿ ಹೊಳೆಯುತ್ತಿತ್ತು. ಮೂರನೇ ರೂಮಿನಲ್ಲಿ ತುಕ್ರನ ಮಂಚವಿದ್ದಲ್ಲಿ ನಾಲ್ಕು ಕಾಲಿನ ತುಕ್ಕಿನ ಗುರುತು ಮಾತ್ರ ಉಳಿದಿತ್ತು.

“ತುಕ್ರ ಎಲ್ಲಿ?” ತುಳುವಿನಲ್ಲಿ ಕೇಳಿದ.

ಪುತ್ತೂರಿನವನೊಬ್ಬ ಗೋಡೆ ನೋಡುತ್ತ, ಹಿಂದಿಯಲ್ಲಿ, ಊರಿಗೆ ಕಳಿಸಿಬಿಟ್ಟರು ಎಂದ.

ಇನ್ಸ್‌ಪೆಕ್ಟರ್ ಬೆರಳು ಮಡಚಿ ಮಂಚ ಎಣಿಸಿದರು.

“ಹೋದ ಸಲ ಎಂಟಿತ್ತು, ಈಗ ಏಳು. ಇಕ್ಕಟ್ಟು ಕಡಿಮೆಯಾಗಿದೆ, ಸುಧಾರಣೆ ಕಂಡಿದೆ ಎಂದು ಬರಿ.”

ಅದಕ್ಕೆ ಕಾಲಂ ಇತ್ತು. ಪಕೀರಬ್ಬ ಬರೆದ.